ಎರಡು ಗೀಟು

"ಇದು ನಾನಾ? ಹೇಳಮ್ಮ, ಇದು ನಾನಾ?"

ಮಗಳು ಫೋಟೋವನ್ನು ಲಕೋಟೆ ಸಮೇತ ಅಡುಗೆಮನೆಯ ಕಟ್ಟೆಯ ಮೇಲೆ ಎಸೆದಳು. ಆಸ್ಪತ್ರೆಯೊಂದರ ಸ್ವಾಗತಕಾರಿಣಿ ಕೆಲಸಕ್ಕೆ ಕರೆ ಬಂದಿತ್ತು. ಸಂದರ್ಶನ ಮಾಡಲು ಕೂತವರು ಫೋಟೋ ನೋಡಿ, ಅವಳನ್ನು ನೋಡಿ, "ನೀವು ಬೇರೆ ಥರಾನೇ ಇದೀರಲ್ಲ..." ಎಂದು ನಕ್ಕು, ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿಬಿಟ್ಟಿದ್ದರು. ಫೋಟೋದಲ್ಲಿದ್ದವಳು ಹಾಲಿನಂತೆ ಬಿಳುಪು. ಎದುರಿಗಿದ್ದವಳು ತಾಯಿಯಂತೆ ಕಪ್ಪು.

ತಾಯಿಯ ಕಣ್ಣು ನೇರವಾಗಿ ಅಲ್ಲೇ ನಿಂತಿದ್ದ ಓರಗಿತ್ತಿಯ ಮೇಲೆ ಹೋಯಿತು. ಇನ್ಯಾರ ಮೇಲೆ ಹೋಗಬೇಕು ಹೇಳಿ! ಇಬ್ಬರೂ ಒಂದೇ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಹನ್ನೆರಡು ವರ್ಷದಿಂದ ಗಿರಾಕಿಗಳ ಫೋಟೋ ತಿದ್ದುತ್ತಿದ್ದ ಹಿರಿಯಳಿಗೆ, ಅಂದರೆ ಈ ತಾಯಿಗೆ, ಕಿಟಕಿಯಿಲ್ಲದ ಒಳಕೋಣೆ. ಬಂದು ಆರು ತಿಂಗಳಾದ ಬೆಳ್ಳಗಿನ ಕಿರಿಯಳಿಗೆ ಮುಂದಿನ ಕೌಂಟರ್, ಫ್ಯಾನು, "ಮೇಡಂ" ಎಂಬ ಮರ್ಯಾದೆ. ಆ ಕುರ್ಚಿ ಕಂಡಾಗಲೆಲ್ಲ ಹಿರಿಯಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

"ನೀನೇ ಮಾಡಿದ್ದು! ನನ್ನ ಮಗಳು ಮುಂದೆ ಬಂದ್ರೆ ನಿನಗೆ ಸಹಿಸಕ್ಕಾಗಲ್ಲ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಎಂದರು ಅತ್ತೆ. "ಮಗಳಿಗೆ ಬಣ್ಣ ಕೊಡದೆ ಇದ್ದವಳು ನೀನು. ಅವಳನ್ನ ಯಾಕೆ ಬೈತೀಯ?"

ಕಿರಿಯಳು ಫೋಟೋದ ಲಕೋಟೆಯನ್ನು ತಿರುಗಿಸಿ ತೋರಿಸಿದಳು. ತಿದ್ದಿದವರು ಅದರ ಹಿಂದೆ ತಮ್ಮ ಗುರುತು ಹಾಕುವುದು ಸ್ಟುಡಿಯೋದ ಪದ್ಧತಿ. ಅಲ್ಲಿದ್ದದ್ದು ಹಿರಿಯಳ ಎರಡು ಗೀಟು.

ಅಯ್ಯೋ...! ಮೊದಲು ಮುಖ ಬೆಳ್ಳಗೆ ಮಾಡು, ಮಿಕ್ಕಿದ್ದು ಆಮೇಲೆ ಎಂಬುದು ಮಾಲೀಕ ಕಲಿಸಿದ ಪಾಠ. ಸಾವಿರಾರು ಮುಖಗಳಿಗೆ ಮಾಡಿದ್ದನ್ನು ಅವಳ ಕೈ, ರಾಶಿಯಲ್ಲಿ ಯಾರ ಮುಖವೆಂದೂ ನೋಡದೆ, ಮಗಳ ಮುಖಕ್ಕೂ ಮಾಡಿತ್ತು. ಯಾವ ಬಣ್ಣ ಕಂಡು ಉರಿದಿದ್ದಳೋ ಅದನ್ನೇ ಮಗಳಿಗೆ ಬಳಿದಿದ್ದಳು!

"ನಿನ್ನ ಕಣ್ಣಿಗೂ ನಾನು ಸಾಲದೇ ಹೋದ್ನಾ ಅಮ್ಮಾ?"

ತಾಯಿ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ಅದೇ ಫೋಟೋವನ್ನು ತಿದ್ದದೆ ದೊಡ್ಡದಾಗಿ ಮುದ್ರಿಸಿ, ಸ್ಟುಡಿಯೋದ ಮುಂಬಾಗಿಲ ಗಾಜಿಗೆ ಅಂಟಿಸಿದಳು.

"ತೆಗೀರಿ ಅದನ್ನ, ಗಿರಾಕಿ ಓಡಿಹೋಗ್ತಾರೆ" ಎಂದ ಮಾಲೀಕ.

ಕಿರಿಯಳು ಕುರ್ಚಿಯಿಂದ ಎದ್ದಳು. "ಅದು ಅಲ್ಲೇ ಇರುತ್ತೆ ಸಾರ್. ಇನ್ಮೇಲೆ ಇಲ್ಲಿ ಅಕ್ಕ ಕೂರ್ತಾರೆ, ಒಳಗಿನ ಕೆಲಸ ನಾನು ಕಲೀತೀನಿ. ಬೇಡ ಅಂದ್ರೆ ನಾಳೆಯಿಂದ ಇಬ್ರೂ ಬರಲ್ಲ."

ಹಿರಿಯಳಂಥ ಪಳಗಿದ ಕೈ ಇನ್ನೆಲ್ಲಿ ಸಿಗಬೇಕು? ಮಾಲೀಕ ಗೊಣಗುತ್ತ ಒಳಗೆ ಹೋದ.

ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರುವಂಥದ್ದಲ್ಲ. ಈ ಕುರ್ಚಿಯನ್ನೂ ಕಿರಿಯಳೇ ಬಿಟ್ಟುಕೊಡಬೇಕಾಯಿತಲ್ಲ ಎಂಬುದು ಹಿರಿಯಳನ್ನು ಚುಚ್ಚಿತು. ಆದರೂ ಹೋಗಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು.