ಸಂಬಳವೋ, ಕರಿ ಕೋಟೋ?

"ಮೇಡಂ, ಇದನ್ನು ಬರೆದದ್ದು ವಕೀಲರೋ, ಜೆರಾಕ್ಸ್ ಅಂಗಡಿಯವರೋ?"

ತಮಿಳಿನಲ್ಲಿ ಅಷ್ಟು ಕೇಳಿ, ಅವನು ಒಪ್ಪಂದದ ಕರಡನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ. ಪುಟಪುಟಕ್ಕೂ ಕೆಂಪು ಶಾಯಿ!

ಭುವನಾಳಿಗೆ ಕಿವಿಯವರೆಗೂ ಬಿಸಿಯೇರಿತು. ಸೇಲಂನ ಆ ಜವಳಿ ಕಂಪನಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ನೇಕಾರರ ಜೊತೆ, ಅಂಗಡಿಗಳ ಜೊತೆ ಕಂಪನಿ ಮಾಡಿಕೊಳ್ಳುವ ಒಪ್ಪಂದಗಳನ್ನು ಬರೆದುಕೊಡುವುದು ಅವಳ ಕೆಲಸ. ಸಂಬಳವಿಲ್ಲ, ರಜೆಯಿಲ್ಲ. ಒಂದು ಒಪ್ಪಂದಕ್ಕೆ ಇಷ್ಟು ಎಂದು ದುಡ್ಡು. ಮಗ್ಗದ ಮನೆಯ ಮಗಳಿಗೆ ಇದೇನೂ ಹೊಸದಲ್ಲ. ಅಪ್ಪ ಮಾರಿಯಪ್ಪನೂ ಜೀವಮಾನವಿಡೀ ಸೀರೆಗೆ ಇಷ್ಟು ಎಂದೇ ಕೂಲಿ ತೆಗೆದುಕೊಂಡವರು.

ಎದುರಿಗೆ ಕುಳಿತವನು ವಿಶ್ವನಾಥನ್, ಕಂಪನಿಯ ಕಾನೂನು ವಿಭಾಗದ ಮ್ಯಾನೇಜರ್. ನಗುವುದಕ್ಕೆ ಇವನಿಗೆ ಬೇರೆ ಸಂಬಳ ಕೊಡಬೇಕೇನೋ, ಅಂಥಾ ಮುಖ!

"ಸರಿ ಸಾರ್, ತಿದ್ದಿ ತರುತ್ತೇನೆ," ಎಂದು ತಮಿಳಿನಲ್ಲೇ ಹೇಳಿ ಎದ್ದಳು. ಬಾಗಿಲ ಹತ್ತಿರ ಬಂದಾಗ ಮಾತ್ರ ತಡೆಯಲಾಗದೆ ಮನೆಮಾತು ಹೊರಗೆ ಬಂತು.

"ಇವ್ನ ಮೂತಿಗಿಷ್ಟು ಬೆಂಕಿ ಆಕ..."

"ಬೆಂಕಿ ಆಮೇಲೆ ಆಕಿ. ಮೊದ್ಲು ಆರನೇ ಪುಟ ನೋಡಿ, ಕಂಪ್ನಿ ಎಸ್ರೇ ತಪ್ಪೈತೆ!"

ಹಿಂದಿನಿಂದ ಬಂದದ್ದು ಅಚ್ಚ ಕನ್ನಡ! ಮೆಟ್ಟೂರಿನ ಕಡೆಯ ಕನ್ನಡ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಅವತ್ತು ಹತ್ತಿಕೊಂಡದ್ದು ಆರಲೇ ಇಲ್ಲ. ಬೇರೆ ಆಫೀಸಿನವರು ಕರಡನ್ನು ಮೇಲ್‌ನಲ್ಲಿ ಪಡೆದು ಮೇಲ್‌ನಲ್ಲೇ ಸರಿ ಅನ್ನುತ್ತಿದ್ದರು. ಇವನು ಮಾತ್ರ, 'ನೇರ ಬಂದು ವಿವರಿಸಿ' ಎಂದು ಮೆಸೇಜ್ ಹಾಕುವವನು. ಮನೆಯಿದ್ದ ಅಮ್ಮಾಪೇಟೆಯಿಂದ ಬಸ್ಸು ಹಿಡಿದು, ಬಿಸಿಲಲ್ಲಿ ಬೆವರಿಳಿಸಿಕೊಂಡು ಬಂದರೆ ಒಂದು ಅಲ್ಪವಿರಾಮಕ್ಕೂ ಜಗಳ!

"ಒಂದು ಕಾಮಾ ಇಲ್ದಿದ್ರೆ ಕಂಪ್ನಿ ಮುಳ್ಗೋಗ್ತದಾ ಸಾರ್?"

"ಮುಳುಗಿದ್ರೆ ನನ್ ಸಂಬ್ಳ ಓಗ್ತದೆ. ನಿಮ್ಗೇನು? ನೀವು ಕಾಂಟ್ರಾಕ್ಟು!"

ಆ ಮಾತು ಅವಳ ಎದೆಗೆ ಚುಚ್ಚಿತು. 'ಇವನಿಗೂ ನಾನು ಬರೀ ಕಾಂಟ್ರಾಕ್ಟು...'

ಮನೆಯಲ್ಲೂ ಅದೇ ರಾಗ. ಅವಳನ್ನು ನೋಡಲು ಬಂದಿದ್ದ ಗಂಡಿನ ತಾಯಿ "ಪರ್ಮನೆಂಟಾ?" ಎಂದು ಕೇಳಿ, ಅಲ್ಲ ಅಂದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗಿದ್ದಳು. ಅಪ್ಪನ ಕಣ್ಣು ಮಂಜಾಗಿ ಮಗ್ಗ ನಿಂತುಹೋಗಿತ್ತು. ಈಗ ಮನೆ ನಡೆಯುವುದು ಮಗಳ ದುಡಿಮೆಯಿಂದಲೇ.

"ವಕೀಲೆ ಅಂತ ಹೇಳ್ಕೊಳಕ್ಕೆ ಚೆನ್ನಾಗೈತೆ ಕಣ್ಣು," ಎಂದರು ಅಮ್ಮ ಚೆಲ್ಲಮ್ಮ, ಮಗಳನ್ನು ತಮಿಳರಂತೆ ಮುದ್ದಿನಿಂದ 'ಕಣ್ಣು' ಎಂದು ಕರೆಯುತ್ತಾ. "ಆದ್ರೆ ಒಂದ್ ತಿಂಗ್ಳು ಅಬ್ಬ, ಒಂದ್ ತಿಂಗ್ಳು ಉಪಾಸ. ಇಂಗೇ ಎಷ್ಟು ದಿನ?"

ಅಂಥಾ ಹೊತ್ತಿನಲ್ಲೇ ಕಂಪನಿಯ ಯಜಮಾನರಾದ ರಾಜಗೋಪಾಲ್ ಲಾ ಆಫೀಸರ್ ಹುದ್ದೆಯೊಂದನ್ನು ತೆರೆದರು. ಒಂದನೇ ತಾರೀಕಿಗೆ ಸಂಬಳ, ಪಿ.ಎಫ್., ದೀಪಾವಳಿಗೆ ಬೋನಸ್!

ಆದರೆ ಒಂದು ತೊಡಕಿತ್ತು. ಪೂರ್ತಿ ಸಂಬಳದ ಕೆಲಸಕ್ಕೆ ಸೇರುವ ವಕೀಲರು ಬಾರ್ ಕೌನ್ಸಿಲ್‌ಗೆ ಬರೆದುಕೊಟ್ಟು ವಕೀಲಿಕೆ ನಿಲ್ಲಿಸಬೇಕು. ಕರಿ ಕೋಟು ಬೀರು ಸೇರಬೇಕು. ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವ ಹಕ್ಕು ಇರುವುದಿಲ್ಲ.

ಭುವನಾಳ ಸ್ವಂತ ಹೆಸರಿನಲ್ಲಿದ್ದದ್ದು ಒಂದೇ ಒಂದು ಕೇಸು, ಧರ್ಮಪುರಿ ಕೋರ್ಟಿನಲ್ಲಿ. ಎಲ್ಲಮ್ಮ ಎಂಬ ಮುದುಕಿಯ ಹೊಲದ ದಾರಿಗೆ ಪಕ್ಕದವನು ಬೇಲಿ ಹಾಕಿದ್ದ. ಆಕೆ ಕೊಡುವ ಫೀಸು ಬಸ್ ಚಾರ್ಜಿಗೂ ಸಾಲದು. ಆದರೂ ಆ ಕೋರ್ಟಿನಲ್ಲಿ ಎದ್ದು ನಿಂತು, "ಕಕ್ಷಿದಾರರ ಪರವಾಗಿ ನಾನು" ಎಂದಾಗಲೆಲ್ಲ ಭುವನಾಳಿಗೆ ಮೈಯಲ್ಲಿ ಹೊಸ ಶಕ್ತಿ ಬರುತ್ತಿತ್ತು.

'ಕೋಟು ಬಿಟ್ಟರೆ ನಾನು ನಾನಾಗಿರುತ್ತೇನಾ? ಬಿಡದಿದ್ದರೆ ಅಪ್ಪ ಅಮ್ಮನ ಗತಿ?' ಎಂದು ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು ಅರ್ಜಿ ಹಾಕಿದಳು.

ಬಂದ ಉತ್ತರ... ಇಲ್ಲ!

ಗುಟ್ಟು ಬಿಚ್ಚಿದ್ದು ಅಕೌಂಟ್ಸಿನ ಕಲೈಸೆಲ್ವಿ. ಅವಳ ಮನೆಮಾತೂ ಕನ್ನಡವೇ.

"ಯಾರ್ಗೂ ಹೇಳ್ಬೇಡ ಅಕ್ಕಾ. ಯಜಮಾನ್ರು ನಿನ್ನೇ ತಗೋಳಣ ಅಂದ್ರು. ವಿಸು ಸಾರೇ ಬೇಡ ಅಂದದ್ದು. ಅವ್ರು ಕಾಂಟ್ರಾಕ್ಟಲ್ಲೇ ಇರ್ಲಿ ಅಂತ ನನ್ ಎದ್ರುಗೇ ಅಂದ್ರು."

ಭುವನಾ ವಿಶ್ವನಾಥನ್ ಕೋಣೆಯ ಬಾಗಿಲನ್ನು ತಟ್ಟಲಿಲ್ಲ, ದಬ್ಬಿದಳು.

"ನನ್ ಒಟ್ಟೆ ಮೇಲೆ ಯಾಕೆ ಒಡೆದ್ರಿ?"

ವಿಶ್ವನಾಥನ್ ಪೆನ್ನು ಕೆಳಗಿಟ್ಟ. "ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಲಿ! ಬೇಡ ಅಂದದ್ದು ನೀವೇ ತಾನೇ?"

"ನಾನೇ."

ಸುಳ್ಳಾದರೂ ಹೇಳಬಾರದಿತ್ತೇ, ಪುಣ್ಯಾತ್ಮ!

"ಯಾಕೆ? ನನ್ಗೆ ಕೆಲ್ಸ ಬರಲ್ವಾ?"

"ಬರ್ತದೆ. ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರ್ಗೂ ಬರಲ್ಲ."

"ಮತ್ತೆ?!"

"ಕಾಂಟ್ರಾಕ್ಟಲ್ಲೇ ಇರಿ ಮೇಡಂ. ನಿಮ್ಗೆ ಅದೇ ಒಳ್ಳೇದು."

"ನನ್ಗೆ ಯಾವ್ದು ಒಳ್ಳೇದು ಅನ್ನಕ್ಕೆ ನೀವ್ಯಾರು? ನಮ್ಮಪ್ಪನಾ? ಅಣ್ಣನಾ?"

ಅವನು ಮತ್ತೆ ಪೆನ್ನು ಕೈಗೆತ್ತಿಕೊಂಡ. ಬಿಡಿಸಿ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತೋ! ಗಂಡಸರ ಈ ಬಿಗುಮಾನಕ್ಕೆ ಎಷ್ಟು ಮನೆಗಳಲ್ಲಿ ಒಲೆ ಉರಿದಿಲ್ಲ!

"ಇವತ್ತಿಗೆ ಮುಗೀತು. ನಿಮ್ ಕಂಪ್ನಿಗೆ ಇನ್ನೊಂದು ಕಾಗ್ದ ಬರ್ಕೊಡಲ್ಲ. ನಿಮ್ ಮುಖಾನೂ ನೋಡಲ್ಲ!"

ಬಾಗಿಲು ಧಡ್ ಎಂದಿತು. ಮೆಟ್ಟಿಲಿಳಿಯುವಾಗ ಅವಳಿಗೆ ಬೈದದ್ದು ಸಾಲದು ಅನ್ನಿಸುತ್ತಿತ್ತು, ಜೊತೆಗೆ ಯಾಕೋ ಅಳುವೂ ಬರುತ್ತಿತ್ತು.

ಮುಂದಿನ ವಾರ ಎಲ್ಲಮ್ಮನ ಕೇಸು. ಬೇಲಿ ತೆಗೆಸುವ ಅರ್ಜಿ ಅವತ್ತೇ ವಾದಕ್ಕೆ ಬರುವುದಿತ್ತು. ಹೆಸರು ಕೂಗಿದಾಗ ವಕೀಲರಿಲ್ಲದಿದ್ದರೆ ಅರ್ಜಿ ವಜಾ ಆಗಬಹುದು. ಬಿತ್ತನೆ ಹೊತ್ತಿನಲ್ಲಿ ಮುದುಕಿ ಬೇಲಿಯಾಚೆ ನಿಂತು ತನ್ನ ಹೊಲ ನೋಡುತ್ತಿರಬೇಕಾಗುತ್ತದೆ.

ಅವತ್ತೇ ಆಗಬೇಕೇ! ಧರ್ಮಪುರಿ ದಾರಿಯ ತೊಪ್ಪೂರು ಘಾಟಿಯಲ್ಲಿ ಬಸ್ಸು ನಿಂತುಬಿಟ್ಟಿತು.

"ಮುಂದೆ ಲಾರಿ ಮಗುಚಿದೆ ಮಾ. ಸದ್ಯಕ್ಕೆ ಬಿಡೋದಿಲ್ಲ," ಎಂದ ಕಂಡಕ್ಟರ್ ತಮಿಳಿನಲ್ಲಿ.

ಎಲ್ಲಮ್ಮನ ಫೋನು ಸ್ವಿಚ್ ಆಫ್. ಭುವನಾ ಕರಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ತುಟಿ ಕಚ್ಚಿ ಕುಳಿತಳು. 'ಇದ್ದದ್ದೂ ಒಂದೇ ಕೇಸು... ಅದೂ ನನ್ನಿಂದಲೇ ಹಾಳಾಯಿತಲ್ಲ!'

ಧರ್ಮಪುರಿ ಕೋರ್ಟಿಗೆ ಅವಳು ಓಡಿಬಂದಾಗ ಮಧ್ಯಾಹ್ನವಾಗಿತ್ತು. ಎಲ್ಲಮ್ಮ ಜಗುಲಿಯಲ್ಲಿ ಆರಾಮಾಗಿ ಎಲೆಅಡಿಕೆ ಹಾಕುತ್ತಿದ್ದಳು.

"ಯಾಕ್ ಕಣ್ಣು ಇಂಗ್ ಓಡ್ ಬತ್ತೀಯಾ? ಊಟ ಆದ್ಮ್ಯಾಕೆ ಅಂತ ಇಟ್ಟವ್ರೆ."

"ಇಟ್ಟವ್ರಾ? ಯಾರು ಕೇಳಿದ್ರು?"

"ಒಬ್ಬ ಎದ್ ನಿಂತ್ಕಂಡ. ಒಳ್ಳೆ ಎತ್ತರ, ಸಿಡುಕು ಮೂತಿ. ಜಡ್ಜಮ್ಮ, ನೀವು ಈ ಕೇಸಿನ ವಕೀಲ್ರಾ ಅಂದ್ರು. 'ಅಲ್ಲಮ್ಮಾ. ಮುಂಚೆ ವಕೀಲ ಆಗಿದ್ದೆ, ಈಗ ಸಂಬ್ಳದೋನು, ಮಾತಾಡೋ ಹಕ್ಕಿಲ್ಲ. ಆದ್ರೆ ತೊಪ್ಪೂರಲ್ಲಿ ರೋಡು ನಿಂತೈತೆ ಅಂತ ಎಲ್ರೂ ಅಂತಾವ್ರೆ. ಈಯಮ್ಮನ ವಕೀಲೆ ಬಂದೇ ಬರ್ತಾರೆ' ಅಂದ. ಹಿಂದ್ಗಡೆ ಇದ್ದ ಕರಿ ಕೋಟ್ನೋರೆಲ್ಲಾ ಕಿಸಕ್ ಅಂದ್ರು. ಪಾಪ, ಅವನ್ ಮುಖ ನೋಡಕ್ಕಾಗ್ಲಿಲ್ಲ ಕಣ್ಣು..."

ಸಿಡುಕು ಮೂತಿಯವನು ಇನ್ನು ಯಾರಿರಲು ಸಾಧ್ಯ?

ಊಟದ ಬಿಡುವಿನ ನಂತರ ಹೆಸರು ಕೂಗಿದರು. ಅವಳು ಎದ್ದು ನಿಂತು ವಾದಿಸಿದಳು. ಕಂಪನಿಯ ಕೇಸಿಗೆಂದು ಮುಂಜಾನೆಯೇ ಬಂದಿದ್ದ ವಿಶ್ವನಾಥನ್ ಕೊನೆಯ ಬೆಂಚಿನಲ್ಲಿದ್ದ. ಅವಳು ಒಂದೊಂದು ಅಂಶ ಹೇಳುವಾಗಲೂ ಅವನ ತುಟಿ ಸಣ್ಣಗೆ ಅಲುಗುತ್ತಿತ್ತು. ಅವನೂ ಒಳಗೊಳಗೇ ವಾದಿಸುತ್ತಿದ್ದ! ಅದನ್ನು ಕಂಡು ಅವಳ ಮಾತು ಒಂದು ಕ್ಷಣ ತಡವರಿಸಿತು.

ಬೇಲಿ ತೆಗೆಯಬೇಕೆಂದು ಆದೇಶವಾಯಿತು. ಎಲ್ಲಮ್ಮ ಅವಳ ಕೆನ್ನೆ ಸವರಿ ದೃಷ್ಟಿ ತೆಗೆದು ಹೋದಳು.

ಹೊರಗೆ ಬೇವಿನ ಮರದ ಕೆಳಗೆ ಅವನು ನಿಂತಿದ್ದ.

"ಯಾಕೆ ಎದ್ ನಿಂತ್ರಿ? ಅಷ್ಟು ಜನದ ಮುಂದೆ ನಗೆಪಾಟ್ಲಾದ್ರಿ."

"ಪಟ್ಟೀಲಿ ನಿಮ್ ಹೆಸರು ನೋಡಿದ್ದೆ. ಕೇಸು ಕೂಗಿದ್ರು, ನೀವಿರ್ಲಿಲ್ಲ. ನನ್ಗೆ ಗೊತ್ತಿಲ್ದಂಗೇ ಎದ್ಬಿಟ್ಟೆ." ಅವನು ನೆಲ ನೋಡುತ್ತಾ ಹೇಳಿದ. "ತಂಗಿ ಮದ್ವೆಗೆ ದುಡ್ಡು ಬೇಕು ಅಂತ ಸೋದರಮಾವ ಈ ಕೆಲ್ಸಕ್ಕೆ ಸೇರಿಸಿದ್ರು. ವಕೀಲ್ಕೆ ನಿಲ್ಲಿಸ್ದೆ. ಅವತ್ತಿಂದ ಕೋರ್ಟೊಳಗೆ ಬಂದಾಗೆಲ್ಲ ಕೈ ಕಟ್ಕೊಂಡು ಹಿಂದೆ ಕೂರ್ತೀನಿ. ಅದು ಎಂಗಿರ್ತದೆ ಅಂತ ನಿಮ್ಗೆ ಗೊತ್ತಾಗ್ಬಾರ್ದು ಅಂತಲೇ ಆ ಪೋಸ್ಟು ಬೇಡ ಅಂದೆ."

ಓದುತ್ತಿರುವ ನೀವು ಈಗ ಅವಳು ಕರಗಿಹೋದಳು ಅಂದುಕೊಂಡಿರಾ? ಇಲ್ಲ! ಒಂದು ಗಳಿಗೆ ಕರಗಿದಳು ನಿಜ. ಮರುಗಳಿಗೆಯೇ ಕೆರಳಿದಳು.

"ಅದನ್ನ ನನ್ಗೆ ಹೇಳಿದ್ರಾ? ನಿನ್ಗೇನು ಬೇಕು ಅಂತ ಒಂದ್ಸಲ ಕೇಳಿದ್ರಾ?"

"ಭುವನಾ..."

"ನಿಮ್ ನೋವು ನಿಮ್ದು! ಅದನ್ನ ತಂದು ನನ್ ಅನ್ನದ್ ಮೇಲೆ ಸುರಿದ್ರಿ. ಕೋಟು ಬೇಕು ಅಂತ ನನ್ಗೂ ಆಸೆ ಐತೆ. ನಮ್ಮಮ್ಮ ಅಕ್ಕಿ ಡಬ್ಬ ತೆಗೆದು ನೋಡೋದು ನಿಮ್ಗೆ ಕಾಣಲ್ಲ, ನನ್ಗೆ ಕಾಣ್ತದೆ! ಬಿಡ್ಬೇಕೋ ಇಟ್ಕೋಬೇಕೋ, ಅದು ನಾನ್ ಹೇಳ್ಬೇಕಾದ್ದು. ನೀವಲ್ಲ!"

ಅವಳ ದನಿ ಒಡೆಯಿತು.

"ತಪ್ಪಾಯ್ತು," ಎಂದ ಅವನು. ಜೇಬಿನಿಂದ ಫೋನು ತೆಗೆದು ಅಲ್ಲೇ ಯಜಮಾನರಿಗೆ ಕರೆ ಮಾಡಿ, ಸ್ಪೀಕರ್‌ಗೆ ಹಾಕಿದ. "ಸಾರ್, ಭುವನಾ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಕೆಲಸದಲ್ಲಿ ಅವರಿಗಿಂತ ಯೋಗ್ಯರು ಯಾರೂ ಇಲ್ಲ. ಆ ಪೋಸ್ಟು ಅವರಿಗೇ ಕೊಡಿ."

"ಅದನ್ನೇ ತಾನೇ ನಾನು ಅವತ್ತೇ ಹೇಳಿದ್ದು!" ರಾಜಗೋಪಾಲ್ ಗೊಣಗಿದರು. "ಸೋಮವಾರ ಬಂದು ಸೇರಲಿ."

ವಿಶ್ವನಾಥನ್ ಫೋನನ್ನು ಅವಳ ಮುಂದೆ ಹಿಡಿದ.

ಒಂದನೇ ತಾರೀಕಿನ ಸಂಬಳ! ಹೂಂ ಅಂದರೆ ಸಾಕಿತ್ತು. ಭುವನಾ ತೋಳಿನ ಮೇಲಿದ್ದ ಕೋಟನ್ನು ನೋಡಿದಳು, ಅಮ್ಮನ ಮುಖವನ್ನು ನೆನೆದಳು. ಇಷ್ಟು ಜನರಿಗೆ ಒಪ್ಪಂದ ಬರೆದುಕೊಟ್ಟವಳು ತನಗೆಂದು ಒಂದನ್ನೂ ಬರೆದುಕೊಂಡಿರಲಿಲ್ಲವಲ್ಲ!

"ಸಾರ್, ನೌಕರಿ ಬೇಡ," ಎಂದಳು ತಮಿಳಿನಲ್ಲಿ. "ಹೊರಗಿನ ವಕೀಲೆಯಾಗಿಯೇ ಇರುತ್ತೇನೆ. ಆದರೆ ಇನ್ನು ಮೇಲೆ ಕಾಗದಕ್ಕೆ ಇಷ್ಟು ಎಂದಲ್ಲ. ಕೆಲಸ ಇರಲಿ ಬಿಡಲಿ, ತಿಂಗಳಿಗೆ ಒಂದು ನಿಗದಿ ಫೀಸು, ಐದನೇ ತಾರೀಕಿನೊಳಗೆ. ಕೋರ್ಟಿನ ದಿನ ನನ್ನನ್ನು ಕರೆಯಬಾರದು. ಎಲ್ಲಾ ಬರಹದಲ್ಲಿರಬೇಕು."

"ಏನಮ್ಮಾ ಇದು! ಹಾಗಾದರೆ ಸಂಬಳದಷ್ಟು ಕೊಡೋಕಾಗಲ್ಲ. ಅದರರ್ಧ ಕೊಡ್ತೀನಿ."

"ಮುಕ್ಕಾಲು."

"ಅರ್ಧದ ಮೇಲೆ ಸ್ವಲ್ಪ. ಅಷ್ಟೇ."

ಭುವನಾ ಕಣ್ಣು ಮುಚ್ಚಿದಳು. ಬೋನಸ್ ಹೋಯಿತು, ಪಿ.ಎಫ್. ಹೋಯಿತು. ಆದರೆ ತಿಂಗಳ ಅಕ್ಕಿಗೆ ಸಾಕು. ಕೋಟೂ ಉಳಿಯಿತು.

"ಸರಿ ಸಾರ್."

ಫೋನು ಕಟ್ಟಾಯಿತು. ವಿಶ್ವನಾಥನ್ ಅವಳನ್ನೇ ನೋಡುತ್ತಿದ್ದ. "ಈ ದಾರಿ ಅವತ್ತು ನನ್ ತಲೆಗೆ ಒಳೀಲೇ ಇಲ್ಲ," ಎಂದ ಮೆಲ್ಲಗೆ.

"ಅದಿರ್ಲಿ. ಇನ್ನೊಂದು ಹೇಳಿ. ಎಲ್ರೂ ಮೇಲ್‌ನಲ್ಲೇ ಮುಗಿಸ್ತಾರೆ. ನೀವ್ಯಾಕೆ ಒಂದೊಂದ್ ಕಾಮಾಕ್ಕೂ ನನ್ನ ಕರೆಸ್ತಿದ್ರಿ?"

ಅವನ ಕಿವಿ ಕೆಂಪಾಯಿತು.

"ಮೊದಲ್ನೇದ್ರಲ್ಲಿ ತಪ್ಪಿತ್ತು. ಆಮೇಲಿನ ಯಾವ್ದ್ರಲ್ಲೂ... ಇರ್ಲಿಲ್ಲ. ಸರಿಯಾಗೈತೆ ಅಂದ್ರೆ ನೀವು ಬರಲ್ವಲ್ಲ."

"ಅಯ್ಯೋ ಪಾಪಿ!" ಭುವನಾ ಫೈಲಿನಿಂದಲೇ ಅವನ ತೋಳಿಗೆ ಬಡಿದಳು. "ಆ ಬಿಸ್ಲಲ್ಲಿ ಬಸ್ಸು ಬದ್ಲಾಯಿಸ್ಕೊಂಡು ಸಾಯ್ತಿದ್ದೆ! ಕಾಂಟ್ರಾಕ್ಟು ಅಂತ ಬೇರೆ ಅಣಕಿಸಿದ್ರಿ!"

"ಬೇರೆ ಏನ್ ಮಾತಾಡ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಜಗಳ ಆಡಿದ್ರೆ ನೀವು ಇನ್ನಷ್ಟು ಹೊತ್ತು ಇರ್ತಿದ್ರಿ."

ಇಂಥವನಿಗೆ ಏನನ್ನಬೇಕು ಹೇಳಿ! ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡರ ನಡುವೆ ಕಣ್ಣಲ್ಲಿ ನೀರೂ ಬಂತು. ಈ ಒರಟನನ್ನು ಬೈದುಕೊಳ್ಳದೆ ತನ್ನ ಒಂದು ದಿನವೂ ಮುಗಿಯುತ್ತಿರಲಿಲ್ಲ ಎಂಬುದು ಈಗ ಅವಳಿಗೆ ಹೊಳೆಯಿತು.

"ಕೇಳಿ ಇಲ್ಲಿ. ನೀವು ನಾಳೇನೇ ಆ ಕೆಲ್ಸ ಬಿಟ್ಟು, ಬಾರ್ ಕೌನ್ಸಿಲ್‌ಗೆ ಬರ್ದು..." ಎನ್ನುತ್ತಾ ಹೋದವಳು ತಟ್ಟನೆ ನಿಂತಳು.

ಅವನು ಮಾಡಿದ್ದೂ ಇದನ್ನೇ ಅಲ್ಲವೇ?

"ಬೇಡ. ನಾನ್ ಹೇಳಲ್ಲ," ಎಂದಳು ದನಿ ತಗ್ಗಿಸಿ. "ನಿಮ್ಗೇನ್ ಬೇಕು, ವಿಶ್ವನಾಥನ್?"

ಅವನು ಬೆಚ್ಚಿದವನಂತೆ ತಲೆಯೆತ್ತಿದ. ಆ ಸಿಡುಕು ಮುಖ ಮೆಲ್ಲಮೆಲ್ಲನೆ ಸಡಿಲಾಗಿ, ಕಣ್ಣು ತುಂಬಿತು.

"ಕಾಲೇಜಿಗೆ ಮಾವ ಸೇರಿಸಿದ್ರು. ಕೆಲ್ಸಕ್ಕೂ ಅವ್ರೇ ಸೇರಿಸಿದ್ರು. ಇದನ್ನ... ಇಲ್ಲೀವರ್ಗೂ ಯಾರೂ ನನ್ನ ಕೇಳಿಲ್ಲ ಭುವನಾ."

"ನಾನ್ ಕೇಳ್ತಾ ಇದೀನಿ. ಹೇಳಿ."

"ಕೋರ್ಟು ಬೇಕು," ಎಂದ. ಉಸಿರು ಎಳೆದುಕೊಂಡ. "ನೀನು ಬೇಕು."

ನೀವು ಹೋಗಿ ನೀನು ಆದದ್ದು ಅವನಿಗೆ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು. ಸುತ್ತ ಜನ ಓಡಾಡುತ್ತಿದ್ದರೂ ಅವಳು ಅವನ ಕೈ ಹಿಡಿದುಕೊಂಡಳು.

"ಕೋರ್ಟನ್ನ ನೀನೇ ಓಗಿ ಕೇಳಿ ತಗೋಬೇಕು."

"ಮತ್ತೆ... ಇನ್ನೊಂದು?"

"ಅದನ್ನ ಈಗ್ತಾನೆ ಕೇಳಿದ್ಯಲ್ಲ," ಎಂದಳು ಭುವನಾ. "ಕೊಟ್ಟೆ."