ಕೈಗೆ ಸಿಗದ ಓಲೆ

ಕಿವಿ ಹರಿದಾಗ ನಿಶ್ಮಿತಾಳಿಗೆ ನೋವಿಗಿಂತ ಮೊದಲು ಶಬ್ದ ಕೇಳಿಸಿತು. ಹಳೇ ಬಟ್ಟೆ ಹರಿದ ಹಾಗೆ, ಪರ್ ಅಂತ. ಆಮೇಲೆ ಕುತ್ತಿಗೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು.

ಎದುರಿಗೆ ಸಂದೇಶ್ ನಿಂತಿದ್ದ, ಅವಳ ಸೋದರತ್ತೆಯ ಮಗ. ಅವನ ಬೆರಳ ತುದಿಯಲ್ಲಿ ಅವಳ ಬೆಂಡೋಲೆ ತೂಗುತ್ತಿತ್ತು.

"ನನ್ನಮ್ಮ ಇಟ್ಟ ಓಲೆ ಹಾಕ್ಕೊಂಡು ನನ್ನನ್ನೇ ಬೇಡ ಅಂತೀಯಾ?"

ಅವಳು ಹೇಳಿದ್ದು ಒಂದೇ ಮಾತು. ನಿಮ್ಮನ್ನು ಮದುವೆಯಾಗಲಿಕ್ಕೆ ನನಗೆ ಮನಸ್ಸಿಲ್ಲ ಅಂತ. ಅಷ್ಟಕ್ಕೇ ಇಷ್ಟು ರಕ್ತ.

ಅಣ್ಣಾ ನಗರದ ಆ ಸಸ್ಯಾಹಾರಿ ಹೋಟೆಲು ಅವಳ ಅಪ್ಪ ವಿಷ್ಣುಮೂರ್ತಿಯವರದು. ಅಡುಗೆಮನೆಯಲ್ಲಿ ಸಂದೇಶನ ದರ್ಬಾರು, ಗಲ್ಲಾದಲ್ಲಿ ನಿಶ್ಮಿತಾ. ಅವಳು ಕಿವಿ ಒತ್ತಿಕೊಂಡು ಅಡುಗೆಮನೆಯಿಂದ ಹೊರಗೆ ಬಂದು, ಅಭ್ಯಾಸಬಲದಿಂದ ಗಲ್ಲಾದಲ್ಲೇ ಕುಳಿತಳು. ಎದುರಿಗೆ ಒಬ್ಬ ಗಿರಾಕಿ ಬಿಲ್ಲು ಹಿಡಿದು ನಿಂತಿದ್ದ.

"ಒಂದು ಕಾಫಿ..." ಅಂದವನು ಅವಳ ಕೆನ್ನೆ, ರಕ್ತ ಇಳಿದ ಭುಜ ನೋಡಿ ಬಿಲ್ಲು ಕೆಳಗಿಟ್ಟ. ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದ. ಮುಟ್ಟಬಹುದೋ ಬಾರದೋ ಎಂದು ಒಂದು ಗಳಿಗೆ ಅನುಮಾನಿಸಿ, ಕೊನೆಗೆ ಅವಳ ಕಿವಿಗೆ ಒತ್ತಿದ.

"ಗಟ್ಟಿಯಾಗಿ ಒತ್ತಿ ಹಿಡೀರಿ. ಅಳಬೇಡಿ ಅಂತ ಹೇಳಲ್ಲ ರೀ, ಬೇಕಾದ್ರೆ ಅತ್ತುಬಿಡಿ. ಒತ್ತೋದು ಮಾತ್ರ ಬಿಡಬೇಡಿ."

ಅವನೇ ಸುಘೋಷ.

ಆಸ್ಪತ್ರೆಯಲ್ಲಿ ಸಂದೇಶನ ಅಮ್ಮ ಗುಣವತಿ ಅತ್ತೆ ಡಾಕ್ಟರಿಗೆ, "ಸೆರಗಿಗೆ ಸಿಕ್ಕಿ ಹರೀತು," ಅಂದರು. ಅಪ್ಪ ತಲೆಯೆತ್ತಿ ಫ್ಯಾನು ನೋಡಿದರು. ಹೊಲಿಗೆ ಬಿತ್ತು, ಗಾಯ ಮಾಗಿತು. ಕೆಲವು ತಿಂಗಳಾದ ಮೇಲೆ, ಹಳೇ ಗಾಯದ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಬೇಕು ಎಂದು ಅತ್ತೆಯೇ ಹಟ ಹಿಡಿದರು. "ಬೋಳು ಕಿವಿಯಲ್ಲಿ ನಿಶ್ಚಿತಾರ್ಥ ಮಾಡ್ಲಿಕ್ಕುಂಟಾ?" ಆ ಮನೆಯ ಪದ್ಧತಿಯೇ ಹಾಗೆ. ನಿಶ್ಚಿತಾರ್ಥದ ದಿನ ಅತ್ತೆಯ ಬೆಂಡೋಲೆ ಎರಡೂ ಕಿವಿಯಲ್ಲಿದ್ದರೆ ಹುಡುಗಿ ಅವರವಳಾದ ಹಾಗೆ. ಹೌದು ಸ್ವಾಮಿ, ಕಿವಿ ಹರಿದವನಿಗೇ ಕಿವಿ ಚುಚ್ಚಿಸಿ ಕೊಡಲು ಹೊರಟವರು ಅವರು!

ಸುಘೋಷ ಮಾತ್ರ ಅಂದಿನಿಂದ ಮಧ್ಯಾಹ್ನದ ಕಾಫಿ ತಪ್ಪಿಸಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿರುವ ಅಡ್ಯಾರಿನ ಒಂದು ಕಂಪನಿಯಲ್ಲಿ ಅವನ ಕೆಲಸ. ಮುರಿದ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳನ್ನು ಅವರು ಮಾಡುತ್ತಿದ್ದರು. ಅಡ್ಯಾರಿನಲ್ಲಿ ಕಾಫಿಯೇ ಸಿಗುವುದಿಲ್ಲವೇನೋ ಎಂಬಂತೆ ಊರು ದಾಟಿ ಇಲ್ಲಿಗೆ ಬರುತ್ತಿದ್ದ.

"ಸಾರ್, ನಿಮ್ಮ ಮೂಳೆ ಸ್ಕ್ರೂ ಎಂತದ್ರಲ್ಲಿ ಮಾಡೋದು?" ಅಂತ ಒಂದು ದಿನ ಅವಳು ಕೇಳಿದಳು.

"ಟೈಟಾನಿಯಂ. ಯಾಕ್ರೀ, ಯಾರ ಮೂಳೆ ಮುರೀತು?"

"ಇನ್ನೂ ಇಲ್ಲ. ಕಿವಿಗೆ ಕೇಳಿದ್ದು. ಚುಚ್ಚಿಸಿದ ಕೂಡ್ಲೆ ಬೆಂಡೋಲೆ ಹಾಕ್ಬೇಕಂತೆ. ಹಳೇ ಚಿನ್ನ, ಏನೂ ಆಗೋದಿಲ್ಲ ಅಂತಾರೆ ಅತ್ತೆ."

ಸುಘೋಷ ಲೋಟ ಕೆಳಗಿಟ್ಟ. "ಅಯ್ಯಯ್ಯೋ, ಬೇಡ. ಹಳೇ ಓಲೆಗೆ ಯಾವ ಕಾಲದಲ್ಲಿ ಯಾರು ಏನು ಬೆಸುಗೆ ಹಾಕಿದ್ದಾರೋ! ತಾಮ್ರ ಇರತ್ತೆ, ನಿಕಲ್ ಇದ್ರೂ ಇರಬಹುದು. ಹಸಿ ಗಾಯಕ್ಕೆ ನಿಕಲ್ ಬಿದ್ರೆ ತುರಿಕೆ, ಕೀವು ಎಲ್ಲಾ ಶುರು. ಚಿನ್ನದ ನೀರು ಕೊಟ್ಟ ಕವರಿಂಗ್ ಒಡವೆ ಅಂತೂ ಮುಟ್ಟಲೇಬೇಡಿ."

"ಬೆಳ್ಳಿ?"

"ಗಾಯದಲ್ಲಿ ಕಪ್ಪಾಗತ್ತೆ."

"ಸ್ಟೀಲು?"

"ಅದರಲ್ಲೂ ಸ್ವಲ್ಪ ನಿಕಲ್ ಇರತ್ತೆ. ಕೆಲವರಿಗೆ ಒಗ್ಗತ್ತೆ, ಕೆಲವರಿಗೆ ಇಲ್ಲ."

"ಮತ್ತೆಂತ, ಬೇವಿನ ಕಡ್ಡಿಯಾ?"

"ನನ್ನ ಕಿವಿಗೆ ನಮ್ಮ ಪಾಟಿ, ಅಂದ್ರೆ ಅಜ್ಜಿ, ಅದನ್ನೇ ಚುಚ್ಚಿಟ್ಟಿದ್ರು. ಮುಂಜಿ ಪೂರ್ತಿ ಅತ್ತಿದ್ದೇ ಬಂತು." ಅವನು ಕಿವಿ ತೋರಿಸಿದ. ಮುಚ್ಚಿಹೋದ ಪುಟ್ಟ ಚುಕ್ಕೆ. ಅವಳು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದಳು. ನೋಡುತ್ತಿದ್ದ ಹಾಗೇ ಆ ಕಿವಿ ಕೆಂಪಾಯಿತು.

ಮಾರನೆಯ ದಿನ ಅವನು ಸೀಲು ಮಾಡಿದ ಒಂದು ಪುಟ್ಟ ಪ್ಯಾಕೆಟ್ ತಂದ. ಒಳಗೆ ಸಾಸಿವೆ ಕಾಳಿನಷ್ಟು ಬೂದು ಬಣ್ಣದ ಟೈಟಾನಿಯಂ ಗುಂಡು. ಹಿಂದೆ ತಿರುಪೂ ಇಲ್ಲ, ಚಪ್ಪಟೆ ಬಿಲ್ಲೆ.

"ಇದು ಕಾಣೋದೇ ಇಲ್ಲ ಮಾರಾಯ್ರೇ! ಒಂದು ಕಲ್ಲಿರೋದು ಸಿಗ್ಲಿಲ್ವಾ?"

"ಸಿಕ್ಕಿತ್ತು. ನಾನೇ ಬೇಡ ಅಂದೆ."

"ಯಾಕೆ?"

ಅವನು ಕಾಫಿ ಲೋಟದ ಕೆಳಗಿನ ಡಬರಾ ಬಟ್ಟಲನ್ನು ತಿರುಗಿಸಿದ. "ಇದನ್ನೇ ಹಾಕಿ ಚುಚ್ಚೋಕೆ ಹೇಳಿ. ಪೂರ್ತಿ ಮಾಗೋ ತನಕ ತೆಗೀಬೇಡಿ, ಸುಮ್ಮನೆ ತಿರುಗಿಸ್ತಾ ಇರಬೇಡಿ. ಉಪ್ಪುನೀರಲ್ಲಿ ಒರೆಸಿದ್ರೆ ಸಾಕು."

ಹಾಗೇ ಚುಚ್ಚಿಸಿದಳು. ಕನಿಷ್ಠ ಎರಡು ತಿಂಗಳು ತೆಗೆಯಬಾರದು ಅಂತ ಡಾಕ್ಟರೂ ಹೇಳಿದ್ದರಿಂದ ಅತ್ತೆ ಮುಖ ಊದಿಸಿಕೊಂಡು ಬೆಂಡೋಲೆಯನ್ನು ಡಬ್ಬಿಗೆ ಹಾಕಿದರು.

ಆ ದಿನಗಳು ನಿಶ್ಮಿತಾಳ ಪಾಲಿಗೆ ಹಬ್ಬ. ಸುಘೋಷ ಬಂದು, "ಹೇಗಿದೆ?" ಅನ್ನುವನು. ಅವಳು ಕೂದಲು ಸರಿಸಿ ಕತ್ತು ಓರೆ ಮಾಡುವಳು.

"ಇನ್ನೂ ಕೆಂಪಿದೆ ರೀ."

"ಯಾರದ್ದು? ನಂದಾ, ನಿಮ್ಮದಾ?"

ಅವನು ಕಾಫಿ ಕುಡಿಯುವ ನೆಪದಲ್ಲಿ ಲೋಟದ ಹಿಂದೆ ಅಡಗಿಕೊಳ್ಳುವನು. ಆ ಅಡಗುವಿಕೆಗಾಗಿಯೇ ಅವಳು ಬೆಳಗಿನಿಂದ ಕಾಯುತ್ತಿದ್ದಳು.

ಆದರೆ ಗಾಯ ತನ್ನ ಪಾಡಿಗೆ ಮಾಗುತ್ತಿತ್ತು. ಒಣಗಬೇಡ, ಇನ್ನೊಂದಿಷ್ಟು ದಿನ ಹೀಗೇ ಇರು ಎಂದು ಅವಳು ಕನ್ನಡಿಯ ಮುಂದೆ ಕಿವಿಯನ್ನು ಬೇಡಿಕೊಂಡಳು. ಕಡೆಗೆ ಅವನ ಹತ್ತಿರವೇ ಹೇಳಿಬಿಟ್ಟಳು. "ಇದು ಒಣಗಿದ್ರೆ ನನ್ನನ್ನು ಅವನಿಗೆ ಕೊಟ್ಟುಬಿಡ್ತಾರೆ. ಈ ಕಿವಿ ಹರಿದದ್ದು ಸೆರಗಲ್ಲ, ಅವನು."

"ಗೊತ್ತು," ಅಂದ ಸುಘೋಷ. "ಸೆರಗಿಗೆ ಸಿಕ್ಕಿದ್ರೆ ಕೆನ್ನೆ ಮೇಲೆ ಬೆರಳಚ್ಚು ಬೀಳಲ್ಲ. ಅವತ್ತೇ ನೋಡಿದೆ. ನಾನು ನಿಮ್ಮ ಅಪ್ಪನ ಹತ್ರ ಮಾತಾಡ್ಲಾ?"

"ಎಂತ ಮಾತಾಡ್ತೀರಿ?"

"ಅದೇ... ಯೋಚಿಸ್ತಾ ಇದ್ದೀನಿ."

"ಯೋಚಿಸಿ. ಕಾಫಿ ಆರ್ತದೆ."

ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಸಂದೇಶ್ ಕೇಳಿಸಿಕೊಂಡದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಗ ಊಟದ ಗದ್ದಲ ಮುಗಿದ ಹೊತ್ತು. ಅತ್ತೆ, ಅಪ್ಪ ಒಳಮೇಜಿನಲ್ಲಿ ಕುಳಿತಿದ್ದರು. ಸಂದೇಶ್ ಬೆಂಡೋಲೆಯ ಡಬ್ಬಿ ಹಿಡಿದು ನೆಟ್ಟಗೆ ಗಲ್ಲಾದ ಹಿಂದಕ್ಕೆ ನುಗ್ಗಿದ. "ಗಾಯವೂ ಇಲ್ಲ, ಮಣ್ಣೂ ಇಲ್ಲ. ಇವತ್ತೇ ಹಾಕ್ತೇನೆ."

"ಅವರನ್ನ ಮುಟ್ಟಬೇಡಿ," ಎಂದು ಸುಘೋಷ ಎದ್ದ.

ಎದ್ದದ್ದಷ್ಟೇ. ಸಂದೇಶನ ಮುಷ್ಟಿ ಮೂಗಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದಿತು. ಅವನು ಮೇಜಿನ ಸಮೇತ ಉರುಳಿದ, ಲೋಟಗಳು ಚೆಲ್ಲಾಪಿಲ್ಲಿಯಾದವು. ಬಿದ್ದವನ ಪಕ್ಕೆಗೆ ಸಂದೇಶ್ ಒದ್ದ, ಮತ್ತೆ ಒದ್ದ. "ಕಾಫಿಗೆ ಬರ್ತೀಯಾ? ಕಾಫಿಗೆ?" ಬಿಳಿ ಅಂಗಿ ಎದೆಯವರೆಗೆ ಕೆಂಪಾಯಿತು. ಆದರೂ ಸುಘೋಷ ಎರಡೂ ಕೈಯಲ್ಲಿ ಅವನ ಕಾಲು ತಬ್ಬಿ ಹಿಡಿದ. ಹೊಡೆಯಲು ಬಾರದ ಪ್ರಾಣಿ, ಬಿಡಲೂ ತಯಾರಿಲ್ಲ. ಮುಖಕ್ಕೆ ಇನ್ನೊಂದು ಒದೆ ಬಿದ್ದಾಗಲೇ ಹಿಡಿತ ಸಡಿಲಿತು.

"ಸಂದೇಶಾ, ಬಿಡಾ..." ಎಂದರು ಅಪ್ಪ. ಅರ್ಧ ಎದ್ದು, ಅಲ್ಲೇ ನಿಂತರು.

ಸಂದೇಶ್ ನಿಶ್ಮಿತಾಳ ಕಡೆ ತಿರುಗಿದ. ಎಡಗೈಯನ್ನು ಗಲ್ಲಾದ ತೆರೆದ ಡ್ರಾಯರಿನ ಅಂಚಿಗೆ ಊರಿ, ಬಲಗೈಯಲ್ಲಿ ಅವಳ ಕಿವಿ ಹಿಡಿದು ಎಳೆದ. ಬೆರಳು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಮುಂದೆ ಸಾಸಿವೆಯಷ್ಟು ಗುಂಡು, ಹಿಂದೆ ಚಪ್ಪಟೆ. ಉಗುರಿಗೂ ಸಿಗಲೊಲ್ಲದು.

"ಎಂತ ದರಿದ್ರದ ಓಲೆ ಇದು, ಹಿಡೀಲಿಕ್ಕೇ ಸಿಗುದಿಲ್ಲ!"

ಕಲ್ಲಿನದ್ದು ಯಾಕೆ ಬೇಡ ಅಂದನೆಂದು ಅವಳಿಗೆ ಅರ್ಥವಾದದ್ದು ಆಗ. ನಿಕಲ್ಲಿಗೆ ಮಾತ್ರ ಹೆದರಿದವನಲ್ಲ ಅವನು, ಈ ಕೈಗೂ ಹೆದರಿದ್ದ.

ಅವಳು ಡ್ರಾಯರಿನ ಮೇಲಿದ್ದ ಅವನ ನಾಲ್ಕು ಬೆರಳುಗಳನ್ನು ನೋಡಿದಳು. ಇಡೀ ಮೈಯ ಭಾರ ಹಾಕಿ ಸೊಂಟದಿಂದ ಡ್ರಾಯರನ್ನು ತಳ್ಳಿದಳು. ಹಳೇ ತೇಗದ ಮರ, ಧಡ್ ಎಂದು ಮುಚ್ಚಿತು. ಅವನ ಕಿರುಚಾಟ ಬೀದಿಗೂ ಕೇಳಿಸಿರಬೇಕು. ಅವಳು ಡ್ರಾಯರನ್ನು ಎಳೆದು ಇನ್ನೊಮ್ಮೆ ಮುಚ್ಚಿದಳು. ಮೊದಲನೆಯದು ಅವಳ ಕಿವಿಗೆ, ಎರಡನೆಯದು ಸುಘೋಷನ ಮೂಗಿಗೆ.

ಸಂದೇಶ್ ಕೈ ಅವುಚಿಕೊಂಡು ಕುಸಿದ. ಅತ್ತೆ ಬೊಬ್ಬೆ ಹಾಕುತ್ತ ಓಡಿಬಂದರು. "ಪೊಲೀಸಿಗೆ ಫೋನ್ ಮಾಡು! ನನ್ನ ಮಗನ ಕೈ ಮುರಿದಳು ರಾಕ್ಷಸಿ!"

ಅಪ್ಪ ಫೋನು ತೆಗೆದರು. ಪೊಲೀಸರಿಗೆ ತಮಿಳಿನಲ್ಲಿ ವಿಳಾಸ ಹೇಳಿದರು. ಆಮೇಲೆ, ಹಿಂದೆ ನನ್ನ ಮಗಳ ಕಿವಿ ಹರಿದವನೂ ಇವನೇ, ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದರು. ಫೋನಿಟ್ಟು ಬೆಂಡೋಲೆಯ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟರು. "ಅಕ್ಕ, ಇದು ಇನ್ನು ನಮ್ಮ ಮನೆಗೆ ಬೇಡ."

ನಿಶ್ಮಿತಾ ನೆಲದಲ್ಲಿ ಸುಘೋಷನ ಪಕ್ಕ ಕುಳಿತಳು. ಅವತ್ತಿನ ಕರ್ಚೀಫು, ಒಗೆದು ಇಸ್ತ್ರಿ ಮಾಡಿ ಗಲ್ಲಾದಲ್ಲೇ ಇಟ್ಟಿದ್ದಳು. ಅದನ್ನು ಅವನ ಮೂಗಿಗೆ ಹಿಡಿದಳು.

"ಒತ್ತಿ ಹಿಡೀರಿ. ಬೇಕಾದ್ರೆ ಅತ್ತುಬಿಡಿ."

ಅವನು ಊದಿದ ಒಂದು ಕಣ್ಣಿನಿಂದಲೇ ಸಂದೇಶನ ಕೈ ನೋಡಿದ. "ಪ್ಲೇಟ್ ಹಾಕಬೇಕಾಗತ್ತೆ ರೀ. ಟೈಟಾನಿಯಂ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಈಗಾದ್ರೂ ಹೇಳಿ. ಕಲ್ಲಿನದ್ದು ಯಾಕೆ ಬೇಡ ಅಂದ್ರಿ?"

"ಯಾರ ಕೈಗೂ ಸಿಗಬಾರದು ಅಂತ." ಕರ್ಚೀಫನ್ನು ಬಾಯಿಯಿಂದ ಸರಿಸಿ, "ನನ್ನ ಕೈಗೂ," ಅಂದ. "ನನಗೆ ನೀವಂದ್ರೆ ತುಂಬಾ ಇಷ್ಟ ನಿಶ್ಮಿತಾ. ಆದ್ರೂ, ನನ್ನ ಕೈಗೂ."

ಅವಳು ಅವನ ಕೈ ತೆಗೆದು ತನ್ನ ಕಿವಿಯ ಹತ್ತಿರ ಇಟ್ಟುಕೊಂಡಳು. ಅದು ಮುಟ್ಟಲೂ ಹೆದರಿ ಹಾಗೇ ನಿಂತಿತು.

"ಪೂರ್ತಿ ಮಾಗ್ಲಿ ಮಾರಾಯ್ರೇ," ಅಂದಳು. "ಆಮೇಲೆ ಇದನ್ನು ನಾನೇ ತೆಗೀತೇನೆ. ಅವತ್ತು ಬರುವಾಗ ಕಲ್ಲಿನದ್ದು ತನ್ನಿ."