ಹೊಸ ಸಬ್‌ವೂಫರ್ ಹದಕ್ಕೆ ಬರುವ ಹೊತ್ತು

ಗಂಡನ ಶವಸಂಸ್ಕಾರ ಮುಗಿದು, ಕಡೆಯ ನೆಂಟರೂ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಅವಳು ಅಭ್ಯಾಸಬಲದಿಂದ ಎರಡು ಲೋಟ ಚಹಾ ಸೋಸಿದಳು. ಒಂದನ್ನು ಕುಡಿದಳು, ಇನ್ನೊಂದನ್ನು ಸಿಂಕಿಗೆ ಸುರಿದಳು. ಅಳು ಬರಲಿಲ್ಲ. ಅವನ ಮಾತೊಂದು ನೆನಪಿಗೆ ಬಂತು.

"ಅವಳಿಗೆ ಕಿವಿ ಇದೆ ಕಣೇ."

"ನಾನೇನು ಕಿವುಡಿಯಾ?"

"ನಿನಗೆ ಡಿಗ್ರಿ ಇದೆಯಲ್ಲ!" ಎಂದು ನಕ್ಕಿದ್ದ.

ಕಿವಿಯಿದ್ದವಳು ಸ್ಪೀಕರ್ ಅಂಗಡಿಯವಳು. ಮನೆಗೆ ಅಂಟಿದ ಶೆಡ್ಡಿನಲ್ಲಿ ಅವನು ಕಾರುಗಳಿಗೆ ಸಬ್‌ವೂಫರ್, ಅಂದರೆ ಧಮಧಮ ಎನ್ನುವ ದೊಡ್ಡ ಸ್ಪೀಕರ್, ಕೂರಿಸುತ್ತಿದ್ದ. ಸಾಮಾನೆಲ್ಲ ಆ ಅಂಗಡಿಯದು. ಆ ತಿಂಗಳು ಅಂಗಡಿಯವಳ ಸ್ವಂತ ಕಾರೇ ಮೂರು ಸಲ ಬಂತು. ಮೊದಲು, ಗುಂಯ್‌ಗುಡುತ್ತದೆ ಎಂದು. ಅರ್ತಿಂಗ್ ತಂತಿಯ ಕೆಳಗಿನ ಬಣ್ಣ ಕೆರೆದು ಬಿಗಿದ. ಆಮೇಲೆ, ಸದ್ದಿಗೆ ತೂಕವಿಲ್ಲ ಎಂದು. ತಂತಿಗಳನ್ನು ಅದಲುಬದಲು ಮಾಡಿದ. ಪ್ರತಿ ಸಲವೂ ಗಾಜು ಏರಿಸಿಕೊಂಡು ಇಬ್ಬರೂ ಒಳಗೆ ಕೂತು ಕಣ್ಣು ಮುಚ್ಚಿ ಕೇಳುವರು. ಅಡುಗೆಮನೆಯಲ್ಲಿ ಲೋಟಗಳು ನಡುಗುತ್ತಿದ್ದವು. ನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು ಒಮ್ಮೆಯೂ ಬಾ, ಕೇಳು ಎಂದು ಕರೆದಿರಲಿಲ್ಲ. ಅವರ ನಗುವನ್ನು ಅವಳು ಹೇಗೋ ಸಹಿಸಿಕೊಂಡಳು. ಆ ಮುಚ್ಚಿದ ಕಣ್ಣುಗಳು ಹೊಟ್ಟೆಯಲ್ಲಿ ಕೆಂಡವಾಗಿ ಕೂತವು.

ಮೂರನೆಯ ಸಲ ಹೊಸ ಸಬ್‌ವೂಫರನ್ನೇ ಹಾಕಿದ. ಹೊಸದನ್ನು ಮೊದಲ ದಿನವೇ ಜೋರಾಗಿ ಬಾರಿಸುವಂತಿಲ್ಲ. ಹದವಾದ ಸದ್ದಿನಲ್ಲಿ ಗಂಟೆಗಟ್ಟಲೆ ಹಾಡಿಸಿ ಪಳಗಿಸಬೇಕು. ಅಕ್ಕಪಕ್ಕದವರು ಗೊಣಗುತ್ತಾರೆಂದು ಶಟರ್ ಎಳೆದಿರುತ್ತಾನೆ. ಹಾಡು ಕೇಳುತ್ತಾ ಹಿಂದಿನ ಸೀಟಿನಲ್ಲೇ ಮಲಗುತ್ತಾನೆ. ಆ ವಾರ ಶೀತವಾಗಿ, ಊಟದ ಮೇಲೆ ಮಂಪರು ತರುವ ಮಾತ್ರೆ ಬೇರೆ. ಇಷ್ಟನ್ನೂ ಅವಳು ಪರೀಕ್ಷೆಗೆ ಓದಿದಂತೆ ಓದಿಕೊಂಡಳು. ಡಿಗ್ರಿ ರಸಾಯನಶಾಸ್ತ್ರದ್ದು, ಮುಚ್ಚಿದ ಜಾಗದಲ್ಲಿ ಇಂಜಿನ್ ಹೊಗೆ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ದಿನ ಮಧ್ಯಾಹ್ನ ಎರಡಕ್ಕೆ ಮನೆಯೊಳಗಿನ ಬಾಗಿಲಿಂದ ಶೆಡ್ಡಿಗೆ ಹೋಗಿ ಕಾರಿನ ಮುಂದಿನ ಬಾಗಿಲು ತೆರೆದಳು. ಹಾಡಿಗಾಗಿ ಕೀಲಿ ಅರ್ಧ ತಿರುಗಿಯೇ ಇತ್ತು. ಉಳಿದರ್ಧವನ್ನು ಅವಳು ತಿರುಗಿಸಿದಳು. ಇಂಜಿನ್ನಿನ ಗುರುಗುರು ಸಬ್‌ವೂಫರಿನ ಧಮಧಮದಲ್ಲಿ ಕರಗಿಹೋಯಿತು.

"ಚಹಾನಾ?" ಎಂದ, ಕಣ್ಣು ಬಿಡದೆ.

"ಇನ್ನೂ ಹೊತ್ತಿದೆ. ಮಲಗಿ."

ಚಿಕ್ಕಮ್ಮನ ಮನೆಗೆ ಹೋಗಿ ಸಂಜೆ ಬಂದಳು. ಶಟರ್ ಎತ್ತಿ, ಗಾಳಿಯಾಡಿದ ಮೇಲೆ ಒಳಗೆ ಹೋಗಿ ನೋಡಿ, ಎಷ್ಟು ಬೇಕೋ ಅಷ್ಟು ಕಿರುಚಿದಳು. ಇನ್ಸ್‌ಪೆಕ್ಟರ್ ಒಂದು ಸುತ್ತು ಹಾಕಿ, "ಬ್ಯಾಟರಿ ಇಳಿಯಬಾರದು ಅಂತ ಇಂಜಿನ್ ಚಾಲೂ ಇಟ್ಟಿದ್ದಾರಮ್ಮ. ಈ ಕೆಲಸದವರೆಲ್ಲ ಹೀಗೇ," ಎಂದು ನಿಟ್ಟುಸಿರಿಟ್ಟ. ಅವಳು ಬಾಯಿಬಿಟ್ಟು ಹೇಳಬೇಕಾದ ಸುಳ್ಳನ್ನು ಅವನೇ ಹೇಳಿಕೊಟ್ಟಿದ್ದ.

ಈಗ, ಲೋಟ ತೊಳೆದಿಟ್ಟು ಅವಳು ಬೀರು ತೆರೆದಳು. ಸೀರೆಗಳ ಹಿಂದೆ ತಂತಿ ಸುತ್ತಿದ ಒಂದು ಕಬ್ಬಿಣದ ಡಬ್ಬಿ, ಅದರ ಮೇಲೆ ಅಂಗಡಿಯವಳ ದುಂಡು ಅಕ್ಷರದ ಹೆಸರು. ಗಂಡ ಎರವಲು ತಂದದ್ದು. ಆ ಸಂಜೆ ಜನರನ್ನು ಕೂಗುವ ಮೊದಲು ಅದು ಕಣ್ಣಿಗೆ ಬಿದ್ದಿತ್ತು. ಸತ್ತವನ ಪಕ್ಕದಲ್ಲೂ ಆ ಹೆಸರೇ! ತಡೆಯಲಾಗದೆ ಕಿತ್ತು ತಂದು ಬಚ್ಚಿಟ್ಟಿದ್ದಳು. ಕಸಕ್ಕೆ ಎಸೆಯಬಹುದಿತ್ತು. ಆದರೆ ಅಂಗಡಿಯವಳ ಮುಖ ಒಮ್ಮೆ ನೋಡಬೇಕಿತ್ತು.

ಅಂಗಡಿಗೆ ಹೋದಳು. ಅಂಗಡಿಯವಳ ಕಣ್ಣುಗಳು ಅತ್ತು ಊದಿಕೊಂಡಿದ್ದವು. ನೋಡಿದವಳಿಗೆ ಸಮಾಧಾನವಾಯಿತು.

"ತಗೊಳ್ಳಿ, ನಿಮ್ಮದು," ಎಂದು ಡಬ್ಬಿಯನ್ನು ಕುಕ್ಕಿದಳು. "ಕಾರಿಗೆ ಸಿಕ್ಕಿಸಿತ್ತು, ನಾನೇ ಬಿಚ್ಚಿ ತೆಗೆದಿಟ್ಟೆ. ನಿಮ್ಮ ವಸ್ತು ನಮ್ಮನೇಲಿ ಬೇಡ."

"ಸಿಕ್ಕಿಸಿತ್ತಾ? ಆವತ್ತೂ?"

"ಹೂಂ, ಆವತ್ತೂ."

ಅಂಗಡಿಯವಳು ಡಬ್ಬಿಯ ಕೆಂಪು ಕಪ್ಪು ಕ್ಲಿಪ್ಪುಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. "ಅಕ್ಕಾ, ಇದು ಬ್ಯಾಟರಿ ಚಾರ್ಜರ್," ಎಂದಳು ಮೆಲ್ಲಗೆ. "ಶಟರ್ ಹಾಕಿರೋದ್ರಿಂದ ಒಳಗೆ ಇಂಜಿನ್ ಚಾಲೂ ಮಾಡೋ ಹಾಗಿಲ್ಲ, ಮನೆ ಕರೆಂಟಲ್ಲೇ ಬ್ಯಾಟರಿ ತುಂಬ್ತಾ ಇರಲಿ ಅಂತಲೇ ಅವರು ಇದನ್ನ ಒಯ್ದಿದ್ದು. ಇದು ಸಿಕ್ಕಿಸಿತ್ತು ಅಂದ ಮೇಲೆ, ಇಂಜಿನ್ ಚಾಲೂ ಮಾಡಿದ್ದು ಯಾರು?"